ಯಾರ ಕೈಕೆಳಗೆ ಸೇರುತ್ತೀರಿ? ಚಿತ್ರರಂಗದ ಮೊದಲ ಕೆಲಸವನ್ನು ಕುರಿತು

ನಾನು ಸಿನಿಮಾದಲ್ಲಿ ಕೆಲಸ ಮಾಡುವವನೆಂದು ಗೊತ್ತಾದ ಕೂಡಲೇ ಈ ಸಭೆಯಲ್ಲಿ ಕುಳಿತಿರುವ ನಿಮ್ಮಂಥ ಯುವಕ ಯುವತಿಯರು ಕೇಳುವ ಪ್ರಶ್ನೆ ಒಂದೇ: ‘ಸಿನಿಮಾಕ್ಕೆ ಸೇರುವುದು ಹೇಗೆ?’ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಮೊದಲು ಸಹಾಯಕನಾಗಿ, ಆಮೇಲೆ ಸಹನಿರ್ದೇಶಕನಾಗಿ ದುಡಿದಿದ್ದರೂ ಈ ಪ್ರಶ್ನೆಗೆ ನೇರವಾದ ಉತ್ತರ ಕೊಡಲು ನನಗೆ ಇಂದಿಗೂ ಆಗುವುದಿಲ್ಲ. ಸಿನಿಮಾ ಎಂಬ ಹೆಸರಿನ ಕಚೇರಿ ಎಲ್ಲಿಯೂ ಇಲ್ಲ. ಅದಕ್ಕೆ ಅರ್ಜಿ ನಮೂನೆಯಿಲ್ಲ, ಹುದ್ದೆ ಖಾಲಿಯಿದೆಯೆಂಬ ಪ್ರಕಟಣೆಯಿಲ್ಲ. ಒಂದು ಚಿತ್ರಕ್ಕೆಂದು ನೂರಾರು ಜನ ಕೂಡುತ್ತಾರೆ, ಕುಂಬಳಕಾಯಿ ಒಡೆದ ಮರುದಿನ ಚದುರಿಹೋಗುತ್ತಾರೆ. ಹಾಗೆ ಕೂಡಿದವರನ್ನೆಲ್ಲ ನಿರ್ದೇಶಕನೋ ನಿರ್ಮಾಪಕನೋ ಒಬ್ಬೊಬ್ಬರನ್ನಾಗಿ ನೋಡಿ ಆರಿಸಿರುತ್ತಾನೆಂದು ನೀವು ಭಾವಿಸಿದ್ದರೆ, ನಿಮ್ಮ ಅಲೆದಾಟ ಶುರುವಾಗುವುದು ಅಲ್ಲಿಂದಲೇ. ಸೆಟ್ಟಿನಲ್ಲಿರುವ ಬಹುಪಾಲು ಜನರ ಹೆಸರು ನಿರ್ದೇಶಕನಿಗೆ ಗೊತ್ತಿರುವುದಿಲ್ಲ. ಅವರನ್ನು ಕರೆದವರು ಬೇರೆ, ಕೂಲಿ ಕೊಡುವವರು ಬೇರೆ, ನಾಳೆ ಬರಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಬೇರೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿದ್ದುತ್ತೇನೆ: ಯಾವ ವಿಭಾಗಕ್ಕೆ, ಯಾರ ಕೈಕೆಳಗೆ ಸೇರಬೇಕೆಂದಿದ್ದೀರಿ?

ಲೈಟ್ ವಿಭಾಗವನ್ನೇ ತೆಗೆದುಕೊಳ್ಳಿ. ದೀಪಗಳು, ಸ್ಟ್ಯಾಂಡುಗಳು, ಕೇಬಲ್ಲುಗಳು, ಜನರೇಟರ್ ಗಾಡಿ, ಇವು ಯಾವುವೂ ನಿರ್ಮಾಪಕನ ಸ್ವಂತದ್ದಲ್ಲ. ಇವನ್ನೆಲ್ಲ ದಿನಬಾಡಿಗೆಗೆ ಕೊಡುವ ಸಂಸ್ಥೆಗಳಿವೆ. ನಮ್ಮ ಮಾತಿನಲ್ಲಿ ಅವಕ್ಕೆ ಔಟ್‌ಡೋರ್ ಯೂನಿಟ್ ಎನ್ನುತ್ತೇವೆ. ಸಾಮಾನು ಬರುವಾಗ ಅದನ್ನು ಹೊರುವ, ಕಟ್ಟುವ, ಬೆಳಗಿಸುವ ಹುಡುಗರೂ ಅದರೊಂದಿಗೇ ಲಾರಿಯಲ್ಲಿ ಬರುತ್ತಾರೆ. ಆದ್ದರಿಂದ ಲೈಟ್‌ಬಾಯ್ ಆಗಬೇಕೆಂದಿರುವವನು ನಿರ್ದೇಶಕನ ಮನೆಯ ಗೇಟಿನ ಮುಂದೆ ಎಷ್ಟು ದಿನ ನಿಂತರೂ ಉಪಯೋಗವಿಲ್ಲ. ಅವನು ಹೋಗಬೇಕಾದದ್ದು ಯೂನಿಟ್ಟಿನ ಗೋದಾಮಿಗೆ. ಕ್ಯಾಮೆರಾದ ಕಥೆಯೂ ಹೀಗೆಯೇ. ಬಾಡಿಗೆಗೆ ಬರುವ ಕ್ಯಾಮೆರಾದ ಹಿಂದೆ ಅದರ ಪೆಟ್ಟಿಗೆಗಳನ್ನು ಕಾಯುವ, ಲೆನ್ಸು ಬದಲಿಸಿಕೊಡುವ, ಬ್ಯಾಟರಿ ತುಂಬಿಸಿಡುವ ಸಹಾಯಕನೊಬ್ಬ ಬಾಡಿಗೆ ಸಂಸ್ಥೆಯ ಕಡೆಯಿಂದಲೇ ಬರುತ್ತಾನೆ. ಹಾಗೆ ಬಂದು, ಮೂರು ನಾಲ್ಕು ವರ್ಷ ಲೆನ್ಸು ಒರೆಸಿ, ಬಳಿಕ ಚಿತ್ರ ಮಸುಕಾಗದಂತೆ ಲೆನ್ಸು ಹೊಂದಿಸುವ ಫೋಕಸ್ ಪುಲ್ಲರ್ ಆಗಿ, ಕೊನೆಗೆ ಛಾಯಾಗ್ರಾಹಕರಾದವರು ನಮ್ಮಲ್ಲಿದ್ದಾರೆ. ಕಲಾ ವಿಭಾಗದ ಬಡಗಿ, ಪೇಂಟರುಗಳನ್ನು ಕಲಾ ನಿರ್ದೇಶಕ ಕರೆತರುತ್ತಾನೆ; ಮೇಕಪ್ ಮತ್ತು ವಸ್ತ್ರ ವಿಭಾಗಗಳಲ್ಲಿ ಆಯಾ ಮುಖ್ಯಸ್ಥನೇ ತನ್ನ ಸಹಾಯಕರನ್ನು ಆರಿಸಿಕೊಳ್ಳುತ್ತಾನೆ; ಊಟ, ಗಾಡಿ, ವಸತಿ, ಅನುಮತಿಪತ್ರಗಳ ಹೊಣೆ ಹೊತ್ತವನು ಪ್ರೊಡಕ್ಷನ್ ಮ್ಯಾನೇಜರು, ಪ್ರೊಡಕ್ಷನ್ ಹುಡುಗರು ಅವನ ಜನ. ಒಂದೇ ಸೆಟ್ಟಿಗೆ ಹೀಗೆ ಏಳೆಂಟು ಬಾಗಿಲುಗಳಿವೆ, ಒಂದೊಂದರ ಬೀಗದಕೈ ಒಬ್ಬೊಬ್ಬರ ಸೊಂಟದಲ್ಲಿದೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಬೇಕು. ಮೈಸೂರಿನ ವಿ.ಕೆ. ಮೂರ್ತಿಯವರ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದ ಅವರು, 1951ರಲ್ಲಿ ತೆರೆಕಂಡ ‘ಬಾಜಿ’ ಚಿತ್ರಕ್ಕೆ ಕೆಲಸ ಮಾಡುವಾಗ ಇನ್ನೂ ಸಹಾಯಕ ಛಾಯಾಗ್ರಾಹಕರು. ಹಾಡೊಂದರ ಚಿತ್ರೀಕರಣದಲ್ಲಿ ಕಷ್ಟದ ಶಾಟ್ ಒಂದನ್ನು ಹೀಗೆ ತೆಗೆಯಬಹುದೆಂದು ಸೂಚಿಸಿ, ತಾವೇ ತೆಗೆದು ತೋರಿಸಿದರು. ನಿರ್ದೇಶಕ ಗುರುದತ್ ಅವರು ಮುಂದಿನ ಚಿತ್ರದಿಂದಲೇ ಮೂರ್ತಿಯವರನ್ನು ತಮ್ಮ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ತೆರೆಯ) ಚಿತ್ರವೆನಿಸಿದ 1959ರ ‘ಕಾಗಜ್ ಕೆ ಫೂಲ್’ ಅವರ ಕೆಲಸ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಈ ಕಥೆಯನ್ನು ಕೇಳಿದವರೆಲ್ಲ ಆ ಒಂದು ಶಾಟ್‌ನ ಧೈರ್ಯವನ್ನು ಮೆಚ್ಚುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದಕ್ಕಿಂತ ಹಿಂದಿನ ವರ್ಷಗಳು. ಇನ್ನೊಬ್ಬರ ಕೈಕೆಳಗೆ ಕ್ಯಾಮೆರಾದ ಪಕ್ಕದಲ್ಲಿ ದಿನವೂ ನಿಂತಿದ್ದ ಮನುಷ್ಯ ಬಾಯಿ ಬಿಟ್ಟದ್ದರಿಂದ ಆ ಮಾತಿಗೆ ಬೆಲೆ ಬಂತು. ಬೀದಿಯಿಂದ ಬಂದವನು ಅದೇ ಮಾತನ್ನು ಹೇಳಿದ್ದರೆ ಪ್ರೊಡಕ್ಷನ್ ಮ್ಯಾನೇಜರು ಅವನನ್ನು ಹೊರಗೆ ಕಳಿಸುತ್ತಿದ್ದ.

ನಾನು ಬಲ್ಲದ್ದು ನಿರ್ದೇಶನ ವಿಭಾಗವಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಹಾಯಕ ನಿರ್ದೇಶಕನೆಂದರೆ ನಿರ್ದೇಶಕನ ಪಕ್ಕ ಕುಳಿತು ಕಥೆ ಚರ್ಚಿಸುವವನೆಂದು ನೀವು ತಿಳಿದಿರಬಹುದು. ಮೊದಲ ಚಿತ್ರದಲ್ಲಿ ನನಗೆ ಕೊಟ್ಟ ಕೆಲಸ ಕಲಾವಿದರ ಕೋಣೆಯ ಬಾಗಿಲು ತಟ್ಟಿ ‘ಶಾಟ್ ರೆಡಿ’ ಎನ್ನುವುದು. ಎರಡನೆಯ ಚಿತ್ರದಲ್ಲಿ ಕ್ಲಾಪ್ ಹಿಡಿಯುವುದು. ಕ್ಲಾಪ್ ಹೊಡೆಯುವುದು ನೋಡಲು ಮಕ್ಕಳಾಟದಂತಿದೆ. ಆದರೆ ಆ ಹಲಗೆಯ ಮೇಲೆ ಬರೆದ ದೃಶ್ಯ, ಶಾಟ್, ಟೇಕ್‌ಗಳ ಸಂಖ್ಯೆಯನ್ನು ನಂಬಿಯೇ ಎಡಿಟರ್ ಮುಂದಿನ ಕೆಲಸ ಮಾಡುತ್ತಾನೆ. ಹಲಗೆಯ ಎರಡು ತುಂಡುಗಳು ಕೂಡುವ ಚಿತ್ರ ಮತ್ತು ಆ ‘ಟಕ್’ ಎಂಬ ಸದ್ದು, ಇವೆರಡನ್ನೂ ಒಂದೇ ಬಿಂದುವಿನಲ್ಲಿ ಹೊಂದಿಸಿದಾಗ ಬೇರೆ ಬೇರೆ ಯಂತ್ರಗಳಲ್ಲಿ ದಾಖಲಾದ ದೃಶ್ಯ ಮತ್ತು ಶಬ್ದ ಜೋಡಿಯಾಗುತ್ತವೆ. ಟೇಕ್ ಸಂಖ್ಯೆಯನ್ನು ಒಮ್ಮೆ ತಪ್ಪಾಗಿ ಬರೆದರೆ ಎರಡು ತಿಂಗಳ ಬಳಿಕ ಎಡಿಟಿಂಗ್ ಕೋಣೆಯಲ್ಲಿ ಯಾರೋ ಒಬ್ಬರು ಅರ್ಧ ದಿನ ತಲೆ ಕೆರೆದುಕೊಳ್ಳುತ್ತಾರೆ, ಆ ಚಿತ್ರದ ಕ್ಲಾಪ್ ಯಾರದ್ದೆಂಬುದನ್ನು ಅವರು ಮರೆಯುವುದಿಲ್ಲ.

ಕ್ಲಾಪ್ ಆದ ಮೇಲೆ ಕಂಟಿನ್ಯುಟಿ. ಚಿತ್ರವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲವೆಂಬುದು ನಿಮಗೆ ಗೊತ್ತು. ಮನೆಯ ಒಳಗಿನ ದೃಶ್ಯವನ್ನು ಬೆಂಗಳೂರಿನಲ್ಲಿ ಇಂದು ತೆಗೆದು, ಅದೇ ಪಾತ್ರ ಬಾಗಿಲು ದಾಟಿ ಅಂಗಳಕ್ಕೆ ಬರುವುದನ್ನು ಮೇಲುಕೋಟೆಯಲ್ಲಿ ಒಂದು ತಿಂಗಳ ನಂತರ ತೆಗೆಯಬಹುದು. ಒಳಗೆ ಶರ್ಟಿನ ಎಷ್ಟು ಗುಂಡಿ ಹಾಕಿತ್ತು, ಕೈಗಡಿಯಾರ ಯಾವ ಕೈಯಲ್ಲಿತ್ತು, ಕುಂಕುಮ ಎಷ್ಟು ಅಗಲವಿತ್ತು ಎಂಬುದನ್ನೆಲ್ಲ ಬರೆದಿಟ್ಟವನೇ ಹೊರಗಿನ ದೃಶ್ಯದ ದಿನ ಎಲ್ಲರಿಗೂ ಬೇಕಾದವನು. ಈಗ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬಹುದು, ಆದರೂ ಯಾವ ಫೋಟೊ ಯಾವ ದೃಶ್ಯದ್ದೆಂದು ಹೆಸರು ಹಾಕಿ ಜೋಡಿಸಿಡುವ ಶಿಸ್ತು ಎಲ್ಲರಿಗೂ ಇರುವುದಿಲ್ಲ.

ಇನ್ನೊಂದು ಕೌಶಲವನ್ನು ಹೇಳುತ್ತೇನೆ, ಕೇಳಿ ನಗಬೇಡಿ: ಕನ್ನಡ ಟೈಪಿಂಗ್. ರಾತ್ರಿ ಹತ್ತು ಗಂಟೆಗೆ ನಿರ್ದೇಶಕ ಸಂಭಾಷಣೆ ಬದಲಾಯಿಸುತ್ತಾನೆ, ಬೆಳಗ್ಗೆ ಆರಕ್ಕೆ ಅದರ ಪ್ರತಿ ಕಲಾವಿದರ ಕೈಯಲ್ಲಿರಬೇಕು. ನುಡಿ ತಂತ್ರಾಂಶದಲ್ಲಾಗಲಿ ಯೂನಿಕೋಡ್‌ನಲ್ಲಾಗಲಿ ಒತ್ತಕ್ಷರ ತಪ್ಪದೆ ಬೇಗ ಟೈಪ್ ಮಾಡುವವರು, ಕನ್ನಡ ಓದಲು ಬಾರದ ನಟಿಗೆ ಅದೇ ಸಾಲನ್ನು ಹಿಂದಿ ಅಥವಾ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಡಬಲ್ಲವರು, ‘ಳ’ಕಾರ ‘ಲ’ಕಾರಗಳ ವ್ಯತ್ಯಾಸವನ್ನು ಮುಜುಗರವಾಗದಂತೆ ಹೇಳಿಕೊಡಬಲ್ಲವರು, ಇಂಥವರು ನಮ್ಮ ವಿಭಾಗದಲ್ಲಿ ಯಾವಾಗಲೂ ಕಡಿಮೆ. ಕನ್ನಡ ಎಂ.ಎ. ಮಾಡಿದವರು ಇಲ್ಲಿ ಕೆಲವರು ಕುಳಿತಿದ್ದೀರಿ. ನಿಮ್ಮ ಪದವಿ ಸಿನಿಮಾದಲ್ಲಿ ಕೆಲಸಕ್ಕೆ ಬರುವುದಿಲ್ಲವೆಂದು ನೀವೇ ತೀರ್ಮಾನಿಸಿಬಿಡಬೇಡಿ.

ಇನ್ನು ಸಹನಟರ ವಿಷಯ. ಹಿಂದೆ ‘ಎಕ್ಸ್‌ಟ್ರಾ’ ಎನ್ನುತ್ತಿದ್ದರು; ಆ ಮಾತಿನಲ್ಲಿ ತಾತ್ಸಾರವಿದೆಯೆಂದು ಈಗ ಜೂನಿಯರ್ ಆರ್ಟಿಸ್ಟ್ ಎನ್ನುತ್ತಾರೆ, ಸೆಟ್ಟಿನಲ್ಲಿ ಸುಮ್ಮನೆ ‘ಜೂನಿಯರ್ಸ್’. ಮದುವೆ ಮನೆಯ ನೆಂಟರು, ನ್ಯಾಯಾಲಯದ ಹಿಂದಿನ ಸಾಲು, ಬಸ್ ನಿಲ್ದಾಣದ ಜನ, ಜಾತ್ರೆಯ ಗುಂಪು, ಎಲ್ಲವೂ ಅವರೇ. ಇವರನ್ನು ಕರೆತರುವುದಕ್ಕೆ ಏಜೆಂಟರಿದ್ದಾರೆ. ಹಿಂದಿನ ಸಂಜೆ ನಾವು ಏಜೆಂಟನಿಗೆ ಹೇಳುವುದು ಹೀಗಿರುತ್ತದೆ: ‘ನಾಳೆ ನಲವತ್ತು ಜನ ಬೇಕು, ಅದರಲ್ಲಿ ಹದಿನೈದು ಹೆಂಗಸರು, ಹಳ್ಳಿ ಉಡುಪು, ವಯಸ್ಸಾದವರು ಹತ್ತು ಮಂದಿಯಾದರೂ ಇರಲಿ.’ ಪಂಚತಾರಾ ಹೋಟೆಲಿನ ದೃಶ್ಯವಾದರೆ ‘ರಿಚ್ ಜೂನಿಯರ್ಸ್’ ಎನ್ನುತ್ತೇವೆ. ಏಜೆಂಟನ ಪಟ್ಟಿಯಲ್ಲಿ ನಿಮ್ಮ ಹೆಸರು, ಎತ್ತರ, ವಯಸ್ಸು, ಎರಡು ಸಾದಾ ಫೋಟೊ ಇದ್ದರೆ ಕರೆ ಬರುತ್ತದೆ. ಕೂಲಿ ಸಾಮಾನ್ಯವಾಗಿ ಏಜೆಂಟನ ಮೂಲಕವೇ ಬರುತ್ತದೆ, ಅದರಲ್ಲಿ ಅವನ ಪಾಲು ಕಳೆದಿರುತ್ತದೆ. ಆ ಪಾಲು ಎಷ್ಟೆಂದು ಹೋಗುವ ಮುನ್ನವೇ ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಸಂಜೆ ಪ್ಯಾಕಪ್ ಆದ ಮೇಲೆ ಕೇಳಿದರೆ ಅದು ಜಗಳವೆನಿಸಿಕೊಳ್ಳುತ್ತದೆ.

ಈ ಕೆಲಸ ಸುಲಭವೆಂದು ಹೊರಗಿನವರು ಹೇಳುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಬೆಳಗಿನ ಜಾವಕ್ಕೆ ಎದ್ದು ಬಂದು, ಮಧ್ಯಾಹ್ನದವರೆಗೆ ಕಾದು, ಆಮೇಲೆ ಹತ್ತು ಸಲ ಒಂದೇ ದಾರಿಯಲ್ಲಿ ನಡೆಯಬೇಕು. ಕ್ಯಾಮೆರಾದ ಮುಂದೆ ಹಾದುಹೋಗುವ ಆ ನಡಿಗೆಗೆ ‘ಪಾಸಿಂಗ್’ ಎನ್ನುತ್ತೇವೆ. ನಾಯಕ ಯಾವ ಮಾತಿಗೆ ತಿರುಗಿದಾಗ ನೀವು ಹೊರಟಿದ್ದಿರೋ ಪ್ರತಿ ಟೇಕ್‌ನಲ್ಲೂ ಅದೇ ಮಾತಿಗೆ ಹೊರಡಬೇಕು, ಕೈಯಲ್ಲಿ ಚೀಲವಿದ್ದರೆ ಅದೇ ಕೈಯಲ್ಲಿ ಇರಬೇಕು, ಕ್ಯಾಮೆರಾದ ಕಡೆ ಕಣ್ಣು ಹೋಗಬಾರದು. ಈಗ ಅನೇಕ ಕಡೆ ಸಂಭಾಷಣೆಯನ್ನು ಸ್ಥಳದಲ್ಲಿಯೇ ಧ್ವನಿಮುದ್ರಿಸುವುದರಿಂದ, ಮದುವೆ ಮನೆಯಲ್ಲಿ ಹರಟುತ್ತಿರುವ ನೆಂಟರು ನಿಜವಾಗಿ ಸದ್ದು ಮಾಡದೆ ತುಟಿ ಆಡಿಸಬೇಕು, ನಗಬೇಕು. ಒಮ್ಮೆ ಪ್ರಯತ್ನಿಸಿ ನೋಡಿ, ಎಷ್ಟು ಕಷ್ಟವೆಂದು ತಿಳಿಯುತ್ತದೆ. ಬಟ್ಟೆ ನಿಮ್ಮದೇ ತರಬೇಕೆಂದು ಹೇಳುವುದು ವಾಡಿಕೆ. ಅಚ್ಚ ಬಿಳಿ ಬೇಡ, ಬೆಳಕಿಗೆ ಕಣ್ಣು ಕುಕ್ಕುತ್ತದೆ; ಸಣ್ಣ ಗೆರೆಗಳ ಶರ್ಟ್ ಬೇಡ, ತೆರೆಯ ಮೇಲೆ ಗೆರೆಗಳು ನಡುಗಿದಂತೆ ಕಾಣುತ್ತವೆ; ಎದೆಯ ಮೇಲೆ ಕಂಪನಿಯ ಗುರುತು ಇರುವುದಂತೂ ಬೇಡ. ಬಣ್ಣ ಮಾಸಿದ ಎರಡು ಮೂರು ಜೊತೆ ಉಡುಪು ತಂದವರಿಗೆ ಮೊದಲ ಸಾಲಿನಲ್ಲಿ ಜಾಗ ಸಿಗುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಒಮ್ಮೆ ಪಂಚಾಯಿತಿ ಕಟ್ಟೆಯ ದೃಶ್ಯವೊಂದನ್ನು ಎರಡು ದಿನ ತೆಗೆಯಬೇಕಾಗಿತ್ತು. ಮೊದಲ ದಿನ ಮುಂದಿನ ಸಾಲಿನಲ್ಲಿ ದಟ್ಟ ಮೀಸೆಯ ಹಿರಿಯರೊಬ್ಬರನ್ನು ಕೂರಿಸಿದ್ದೆವು. ಮುಖ ಬಹಳ ಚೆನ್ನಾಗಿತ್ತು, ಛಾಯಾಗ್ರಾಹಕರೂ ಮೆಚ್ಚಿ ಅವರನ್ನು ಹತ್ತಿರದಿಂದ ತೆಗೆದರು. ಆ ಖುಷಿಯಲ್ಲಿ ಅವರು ರಾತ್ರಿ ಊರಿಗೆ ಹೋಗಿ, ನಾಳೆ ಇನ್ನೂ ಚೆನ್ನಾಗಿ ಕಾಣಬೇಕೆಂದು ಮೀಸೆ ಬೋಳಿಸಿಕೊಂಡು ಬಂದುಬಿಟ್ಟರು. ಅಂಟು ಮೀಸೆ ಹಚ್ಚಿ, ಅವರನ್ನು ಮೂರನೆಯ ಸಾಲಿಗೆ ಕಳಿಸಿ ಹೇಗೋ ದೃಶ್ಯ ಮುಗಿಸಿದೆವು. ಬೈಸಿಕೊಂಡವನು ನಾನು. ಬೈದದ್ದು ಸರಿಯೇ, ನಾಳೆಯೂ ಹೀಗೆಯೇ ಬನ್ನಿ ಎಂದು ಹೇಳಬೇಕಾದದ್ದು ನನ್ನ ಕೆಲಸವಾಗಿತ್ತು.

ಜೂನಿಯರ್ ಆಗಿ ಸೇರಿದರೆ ಮುಂದೆ ದೊಡ್ಡ ಪಾತ್ರ ಸಿಗುತ್ತದೆಯೇ? ಡಾ. ರಾಜ್‌ಕುಮಾರ್ ಅವರು 1952ರ ‘ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಚಿಕ್ಕ ಪಾತ್ರ ಮಾಡಿ, 1954ರಲ್ಲಿ ‘ಬೇಡರ ಕಣ್ಣಪ್ಪ’ನಾದರು ಎಂದು ಯಾರಾದರೊಬ್ಬರು ಥಟ್ಟನೆ ನೆನಪಿಸುತ್ತಾರೆ. ಸಂಗತಿ ನಿಜ. ಆದರೆ ಆ ಋಷಿ ವೇಷದ ಹಿಂದೆ ಬಾಲ್ಯದಿಂದಲೂ ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದ ವರ್ಷಗಳಿದ್ದವು. ಗುಂಪಿನಲ್ಲಿ ನಿಂತದ್ದರಿಂದ ಅವರು ಮೇಲೆ ಬಂದರೆಂದು ಹೇಳುವುದು ಅರ್ಧ ಕಥೆ. ನನ್ನ ಅನುಭವದಲ್ಲಿ ಗುಂಪಿನಿಂದ ಪಾತ್ರಕ್ಕೆ ದಾಟಿದವರು ಬಹಳ ವಿರಳ. ಪಾತ್ರಗಳಿಗೆ ಕಲಾವಿದರನ್ನು ಹುಡುಕುವಾಗ ನಾವು ನೋಡುವುದು ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣ, ಬೆಂಗಳೂರಿನ ಹವ್ಯಾಸಿ ನಾಟಕ ತಂಡಗಳು, ಈಚೆಗೆ ಕಿರುಚಿತ್ರಗಳು. ಸಹನಟನ ಕೆಲಸವನ್ನು ಅದೊಂದು ಸ್ವತಂತ್ರ ವೃತ್ತಿಯೆಂದು ತಿಳಿದು ಮಾಡಿದರೆ ಅದಕ್ಕೆ ಗೌರವವಿದೆ. ಎಷ್ಟೋ ಗೃಹಿಣಿಯರು, ನಿವೃತ್ತರು ಹಾಗೆ ಮಾಡುತ್ತಿದ್ದಾರೆ, ಅವರ ಸಮಯಪಾಲನೆ ನಮ್ಮ ಕೆಲವು ನಾಯಕರಿಗಿಂತ ಮೇಲು. ನಟನಾಗಬೇಕೆಂಬುದೇ ನಿಮ್ಮ ಗುರಿಯಾದರೆ ಆ ದಿನಗಳನ್ನು ನಾಟಕದ ತಾಲೀಮಿಗೆ ಕೊಡಿ. ಜೂನಿಯರ್ ಆಗಿ ಒಂದು ತಿಂಗಳು ಹೋಗಿ ಸೆಟ್ಟು ಹೇಗಿರುತ್ತದೆಂದು ನೋಡಿಬನ್ನಿ, ಅಷ್ಟಕ್ಕೆ ನಾನು ಬೇಡವೆನ್ನುವುದಿಲ್ಲ.

ಬೆಂಗಳೂರಿಗೇ ಬರಬೇಕೆಂಬ ನಿಯಮವೂ ಈಗ ಸಡಿಲವಾಗಿದೆ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಕೊಲ್ಹಾಪುರಕ್ಕೆ ಹೋಗಿ ತೆಗೆಯಬೇಕಾಯಿತು, ಆಮೇಲೆ ದಶಕಗಳ ಕಾಲ ಕನ್ನಡದ ಕಲಾವಿದರೂ ತಂತ್ರಜ್ಞರೂ ಮದರಾಸಿನ ಕೋಡಂಬಾಕ್ಕಮ್ಮಿನಲ್ಲಿ ಕೋಣೆ ಹಿಡಿದು ಬದುಕಿದರು. ಹಾಗೆ ನೋಡಿದರೆ ನಿಮ್ಮ ಕಷ್ಟ ಸಣ್ಣದು. ಕೋಲಾರದ ಚಿನ್ನದ ಗಣಿಯ ಸಯನೈಡ್ ದಿಬ್ಬಗಳಲ್ಲಿ ‘ಕೆಜಿಎಫ್’ ಚಿತ್ರೀಕರಣವಾಯಿತು. ‘ಕಾಂತಾರ’ 2022ರಲ್ಲಿ ತೆರೆಗೆ ಬಂದಾಗ ಕುಂದಾಪುರದ ಕಡೆಯ ಕೆರಾಡಿ ಎಂಬ ಹಳ್ಳಿ ನಾಡಿಗೆಲ್ಲ ಗೊತ್ತಾಯಿತು. ಇಂಥ ಊರುಗಳಿಗೆ ಚಿತ್ರತಂಡ ಬಂದಾಗ ಮನೆ ಗೊತ್ತು ಮಾಡಿಕೊಡುವ, ಪಂಚಾಯಿತಿಯ ಅನುಮತಿ ಕೊಡಿಸುವ, ಎತ್ತಿನ ಗಾಡಿ, ದೋಣಿ, ಜನ ಎಲ್ಲವನ್ನೂ ಒದಗಿಸುವ ಸ್ಥಳೀಯನೊಬ್ಬ ಬೇಕೇ ಬೇಕು. ಮೇಲುಕೋಟೆ, ಶ್ರೀರಂಗಪಟ್ಟಣ, ಸಕಲೇಶಪುರದ ಕಡೆ ಇದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ತಂಡ ನಿಮ್ಮ ಊರಿಗೆ ಬಂದರೆ ಸೆಲ್ಫಿಗೆ ಮುಗಿಬೀಳುವ ಬದಲು ಪ್ರೊಡಕ್ಷನ್ ಮ್ಯಾನೇಜರನ್ನು ಹುಡುಕಿ, ಈ ಊರಿನಲ್ಲಿ ನನಗೆ ಇಂಥಿಂಥವು ಗೊತ್ತು ಎಂದು ಹೇಳಿ. ಹದಿನೈದು ದಿನ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವನ ನಂಬರು ಮ್ಯಾನೇಜರನ ಮೊಬೈಲಿನಲ್ಲಿ ಉಳಿಯುತ್ತದೆ.

ಬೆಂಗಳೂರಿಗೆ ಬಂದೇ ಬರುತ್ತೇನೆನ್ನುವವರಿಗೆ ಎರಡು ಮಾತು. ಫೋಟೊ ಆಲ್ಬಮ್ ಹಿಡಿದು ಗಾಂಧಿನಗರದ ಮೆಟ್ಟಿಲುಗಳನ್ನು ಹತ್ತಿಳಿಯುವ ಕಾಲ ಬಹುಮಟ್ಟಿಗೆ ಮುಗಿದಿದೆ. ವಿತರಣೆಯ ವ್ಯವಹಾರ ಅಲ್ಲಿ ಉಳಿದಿದ್ದರೂ ಚಿತ್ರ ತಯಾರಿಯ ಕಚೇರಿಗಳು ರಾಜರಾಜೇಶ್ವರಿ ನಗರ, ನಾಗರಬಾವಿಗಳ ಬಾಡಿಗೆ ಮನೆಗಳಿಗೆ ಹರಡಿಕೊಂಡಿವೆ. ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಗೆ ಬರುತ್ತಿದ್ದರೂ ಅವುಗಳಲ್ಲಿ ಬಹಳಷ್ಟು ಚಿಕ್ಕ ಬಂಡವಾಳದವು, ಮೂವತ್ತು ನಲವತ್ತು ದಿನಗಳಲ್ಲಿ ಮುಗಿಯುವಂಥವು. ಒಂದಾದ ಮೇಲೆ ಇನ್ನೊಂದು ತಕ್ಷಣ ಸಿಗುತ್ತದೆಂಬ ಭರವಸೆಯಿಲ್ಲ. ಅದಕ್ಕೇ ನಾನು ಹೊಸಬರಿಗೆ ಮೊದಲು ಧಾರಾವಾಹಿಗೆ ಹೋಗಿ ಎನ್ನುತ್ತೇನೆ. ಅಲ್ಲಿ ದಿನಕ್ಕೊಂದು ಸಂಚಿಕೆ ಪ್ರಸಾರವಾಗಬೇಕು, ಮುಂದಿನ ಸಂಚಿಕೆಗಳನ್ನು ಕೂಡಿಟ್ಟುಕೊಳ್ಳುವ ಒತ್ತಡ ಸದಾ ಇರುತ್ತದೆ, ಆದ್ದರಿಂದ ತಿಂಗಳಿನ ಹೆಚ್ಚಿನ ದಿನಗಳಲ್ಲಿ ಕೆಲಸವಿರುತ್ತದೆ. ಸಿನಿಮಾದಲ್ಲಿ ಒಂದು ದಿನಕ್ಕೆ ಎರಡು ಮೂರು ದೃಶ್ಯ ತೆಗೆದರೆ ಅಲ್ಲಿ ಅದರ ಎರಡು ಮೂರರಷ್ಟು ತೆಗೆಯುತ್ತಾರೆ. ಕಲೆಯ ದೃಷ್ಟಿಯಿಂದ ಅದನ್ನು ಹೀಗಳೆಯುವವರು ಬೇಕಾದಷ್ಟಿದ್ದಾರೆ. ಆದರೆ ಕ್ಲಾಪ್, ಕಂಟಿನ್ಯುಟಿ, ಶೆಡ್ಯೂಲು ಕೈಗೆ ಹತ್ತಬೇಕಾದರೆ ಆರು ತಿಂಗಳ ಧಾರಾವಾಹಿ ಎರಡು ವರ್ಷದ ಸಿನಿಮಾಕ್ಕೆ ಸಮ. ಕ್ರಮವಾಗಿ ಕಲಿಯಬೇಕೆಂದಿರುವವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಿದೆ. ಆಗಲೇ ಹೇಳಿದ ಪಾಲಿಟೆಕ್ನಿಕ್‌ನ ಪರಂಪರೆ ಅಲ್ಲಿ ಮುಂದುವರಿದಿದೆ. ಛಾಯಾಗ್ರಹಣ, ಧ್ವನಿಗ್ರಹಣಗಳಂಥ ಯಂತ್ರದ ವಿದ್ಯೆಗೆ ಅಂಥ ಕಲಿಕೆ ಬಹಳ ನೆರವಾಗುತ್ತದೆ.

ಮೋಸದ ಮಾತು ಬಾರದೆ ಈ ವಿಷಯ ಪೂರ್ತಿಯಾಗುವುದಿಲ್ಲ. ವಾಟ್ಸ್ಆ್ಯಪ್‌ಗೆ ಸಂದೇಶ ಬರುತ್ತದೆ, ದೊಡ್ಡ ನಟನ ಚಿತ್ರಕ್ಕೆ ಹೊಸಮುಖಗಳು ಬೇಕಾಗಿವೆ ಎಂದು. ಫೋಟೊ ಕಳಿಸಿದ ಮರುದಿನವೇ ನೀವು ಆಯ್ಕೆಯಾಗಿರುತ್ತೀರಿ. ಆಮೇಲೆ ನೋಂದಣಿ ಶುಲ್ಕ, ಪೋರ್ಟ್‌ಫೋಲಿಯೊ ಶುಲ್ಕ, ಸಂಘದ ಸದಸ್ಯತ್ವದ ಕಾರ್ಡ್ ಮಾಡಿಸುವ ಶುಲ್ಕ ಒಂದೊಂದಾಗಿ ಶುರುವಾಗುತ್ತವೆ. ಕೆಲಸ ಕೊಡುವವನು ಕೂಲಿ ಕೊಡಬೇಕು. ಕೆಲಸ ಕೊಡುತ್ತೇನೆಂದು ನಿಮ್ಮಿಂದಲೇ ಹಣ ಕೇಳಿದವನು ಕೆಲಸ ಕೊಡುವವನಲ್ಲ. ಚಿತ್ರದ ಹೆಸರು, ಬ್ಯಾನರಿನ, ಅಂದರೆ ನಿರ್ಮಾಣ ಸಂಸ್ಥೆಯ ಹೆಸರು ಕೇಳಿ. ಶೀರ್ಷಿಕೆಗಳು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಣಿಯಾಗುತ್ತವೆ. ಅಂಥ ಚಿತ್ರವಿದೆಯೇ ಎಂದು ಅಲ್ಲಿ ವಿಚಾರಿಸಬಹುದು. ಸಂಘಗಳ ಸದಸ್ಯತ್ವಕ್ಕೆ ಶುಲ್ಕವಿರುವುದು ನಿಜ. ಕರ್ನಾಟಕ ಚಲನಚಿತ್ರ ಕಾರ್ಮಿಕರು, ಕಲಾವಿದರು ಹಾಗೂ ತಂತ್ರಜ್ಞರ ಒಕ್ಕೂಟದಡಿ ವಿಭಾಗಕ್ಕೊಂದರಂತೆ ಸಂಘಗಳಿವೆ. ಆದರೆ ಆ ಹಣವನ್ನು ಸಂಘದ ಕಚೇರಿಯಲ್ಲಿ ಕಟ್ಟಿ ರಸೀದಿ ಪಡೆಯಬೇಕೇ ಹೊರತು ಹೋಟೆಲಿನ ಮೇಜಿನ ಮೇಲೆ ಯಾರ ಕೈಗೂ ಕೊಡುವಂಥದ್ದಲ್ಲ. ಕೆಲವು ಚಿತ್ರಗಳಲ್ಲಿ ಕೆಲಸ ಮಾಡಿ, ನಿಮ್ಮನ್ನು ಬಲ್ಲ ಹಿರಿಯರೊಬ್ಬರು ಸಿಕ್ಕ ಮೇಲೆ ಕಾರ್ಡಿಗೆ ಹೋಗುವುದು ಸರಿಯಾದ ದಾರಿ.

ಕೂಲಿಯ ವಿಷಯದಲ್ಲಿ ನಾನೇ ಏಟು ತಿಂದವನು. ಮೊದಲ ಚಿತ್ರ ಹನ್ನೊಂದು ದಿನ ನಡೆದು ನಿಂತುಹೋಯಿತು. ಶೆಡ್ಯೂಲು ಮತ್ತೆ ಶುರುವಾದಾಗ ಎಲ್ಲ ಸೇರಿಸಿ ಕೊಡುತ್ತೇವೆಂದರು, ಅದು ಮತ್ತೆ ಶುರುವಾಗಲೇ ಇಲ್ಲ. ನನ್ನ ಹತ್ತಿರ ಒಂದು ತುಂಡು ಕಾಗದವೂ ಇರಲಿಲ್ಲ. ಲಿಖಿತ ಒಪ್ಪಂದವಿಲ್ಲದೆ ಸಿನಿ ಕೆಲಸಗಾರರನ್ನು ದುಡಿಸಿಕೊಳ್ಳಬಾರದೆಂದು 1981ರ ಕೇಂದ್ರ ಕಾಯ್ದೆಯೇ ಹೇಳಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಕಾಯ್ದೆ ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಕುರಿತ 2020ರ ಸಂಹಿತೆಯೊಳಗೆ ಸೇರಿದೆ. ಅಲ್ಲಿ ಸಿನಿಮಾದ ಜೊತೆಗೆ ಧಾರಾವಾಹಿ, ವೆಬ್ ಸರಣಿ, ಜಾಹೀರಾತುಗಳಲ್ಲಿ ದುಡಿಯುವವರನ್ನೂ ಗಣಿಸಿದ್ದಾರೆ. ಒಪ್ಪಂದ ಕೇಳಿದರೆ ಕೆಲಸವೇ ಹೋದೀತೆಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಕನಿಷ್ಠಪಕ್ಷ ಒಂದು ವಾಟ್ಸ್ಆ್ಯಪ್ ಸಂದೇಶದಲ್ಲಿ ‘ಇಂಥ ತಾರೀಕಿನಿಂದ, ದಿನಕ್ಕೆ ಇಷ್ಟರಂತೆ, ಊಟ ಮತ್ತು ಪ್ರಯಾಣ ನಿಮ್ಮದು, ರಾತ್ರಿ ಕಾಲ್‌ಶೀಟಿಗೆ (ರಾತ್ರಿಯ ಸರದಿಗೆ) ಬೇರೆ ಕೂಲಿ’ ಎಂದು ಬರೆದು ‘ಸರಿ’ ಎಂಬ ಉತ್ತರ ಪಡೆದುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸ್ಥಳ, ಬಂದ ಹೊತ್ತು, ಹೋದ ಹೊತ್ತು ಬರೆದಿಡಿ. ಆ ನೋಟ್‌ಬುಕ್ಕು ಮುಂದೆ ಇನ್ನೊಂದಕ್ಕೂ ಬೇಕಾಗುತ್ತದೆ: ಸಿನಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆಯೂ 1981ರದೇ, ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ; ಅದು ಕಾರ್ಮಿಕನೆಂದು ಗುರುತಿಸುತ್ತಿದ್ದದ್ದು ಕನಿಷ್ಠ ಐದು ಕಥಾಚಿತ್ರಗಳಲ್ಲಿ ದುಡಿದವರನ್ನು, ಐದು ಚಿತ್ರಗಳ ದಾಖಲೆ ನಿಮ್ಮಲ್ಲೇ ಇಲ್ಲದಿದ್ದರೆ ಬೇರೆ ಯಾರೂ ಅದನ್ನು ಕಾದಿಟ್ಟಿರುವುದಿಲ್ಲ. ನಮ್ಮ ರಾಜ್ಯವೂ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗಾಗಿ ಕಾನೂನು ಮಾಡಿ, ಸಿನಿಮಾ ಟಿಕೆಟ್ಟಿನಂಥವುಗಳ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಲು ಅವಕಾಶ ಮಾಡಿಕೊಂಡಿದೆ. ಅದರ ಪ್ರಯೋಜನ ಸಿಗುವಾಗಲೂ ಮೊದಲು ಕೇಳುವುದು ದಾಖಲೆಯನ್ನೇ.

ಜೀವದ ವಿಷಯಕ್ಕೆ ಬರುತ್ತೇನೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ, ಟಿಪ್ಪು ಸುಲ್ತಾನ್ ಕುರಿತ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಜಿಗಿದ ಇಬ್ಬರು ನಟರು ಮೇಲೆ ಬರಲಿಲ್ಲ. 2021ರ ಆಗಸ್ಟಿನಲ್ಲಿ ಬಿಡದಿಯ ಸಮೀಪ ಸಾಹಸ ದೃಶ್ಯದ ಚಿತ್ರೀಕರಣದಲ್ಲಿ ವಿದ್ಯುತ್ ತಗುಲಿ ಫೈಟರ್ ಒಬ್ಬರು ತೀರಿಕೊಂಡರು. ಸೆಟ್ಟಿಗೆ ಹೋದ ಕೂಡಲೇ ಹೊರಗೆ ಹೋಗುವ ದಾರಿ ಎಲ್ಲಿದೆಯೆಂದು ನೋಡಿಟ್ಟುಕೊಳ್ಳಿ, ನೆಲದ ಮೇಲಿನ ಕೇಬಲ್ ತುಳಿಯಬೇಡಿ, ತಲೆಯ ಮೇಲೆ ವಿದ್ಯುತ್ ತಂತಿಯಿರುವ ಕಡೆ ಕಬ್ಬಿಣದ ಏಣಿ, ಸ್ಟ್ಯಾಂಡ್ ಎತ್ತಬೇಡಿ. ಈಜು ಬಾರದಿದ್ದರೆ ಬಾರದೆಂದು ಹೇಳಿ. ಬೈಕ್ ಓಡಿಸಲು ಬರುತ್ತದೆಯೇ ಎಂದು ಕೇಳಿದಾಗ, ಅವಕಾಶ ತಪ್ಪೀತೆಂದು ಬರುತ್ತದೆ ಎಂದವರನ್ನು ನಾನು ಆಸ್ಪತ್ರೆಗೆ ಕರೆದೊಯ್ದಿದ್ದೇನೆ.

ಹೆಣ್ಣುಮಕ್ಕಳು ಇಲ್ಲಿ ಹೆಚ್ಚಿನ ಸಂಖ್ಯೆಯಲ್ಲಿದ್ದೀರಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆಯೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅಂಥ ಸಮಿತಿಯಿಲ್ಲದ ಕಡೆಯವರಿಗಾಗಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಿದೆ. ಎಷ್ಟು ಚಿತ್ರತಂಡಗಳಲ್ಲಿ ಈ ಸಮಿತಿ ನಿಜವಾಗಿ ಇದೆಯೆಂದು ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ರಾತ್ರಿ ಮನೆಗೆ ಬಿಡುವ ಗಾಡಿ, ಈ ಮೂರನ್ನು ಹೋಗುವ ಮುನ್ನ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಏಜೆಂಟನ ಕರೆಗೆ ಹೋಗಬೇಡಿ. ಚಿಕ್ಕ ಮಕ್ಕಳನ್ನು ಕರೆತರುವ ತಂದೆತಾಯಿಯರಿಗೂ ಒಂದು ಮಾತು: ಬಾಲ ಕಲಾವಿದರಿಂದ ಕೆಲಸ ಮಾಡಿಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಸಂಪಾದನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿಯಿಡಬೇಕು. ಮಗು ನಿದ್ದೆಗಣ್ಣಿನಲ್ಲಿ ನಿಂತಿರುವಾಗ ‘ಇನ್ನೊಂದೇ ಶಾಟ್’ ಎಂದು ನಾವು ಕೇಳುತ್ತೇವೆ. ಆಗುವುದಿಲ್ಲವೆಂದು ಹೇಳಬೇಕಾದವರು ನೀವು.

ನಾಳೆ ಬೆಳಗ್ಗೆ ಎದ್ದು ಮೊದಲು ಏನು ಮಾಡಲಿ ಎಂದು ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ನಿಮಗಿಷ್ಟವಾದ ವಿಭಾಗ ಒಂದನ್ನೇ ಆರಿಸಿಕೊಳ್ಳಿ. ಈಚೆಗೆ ತೆರೆಕಂಡ ನಾಲ್ಕು ಚಿಕ್ಕ ಚಿತ್ರಗಳನ್ನು ಕೊನೆಯವರೆಗೆ ಕುಳಿತು ನೋಡಿ, ಆ ವಿಭಾಗದ ಮುಖ್ಯಸ್ಥರ ಹೆಸರಲ್ಲದೆ ಅದರ ಕೆಳಗಿರುವ ಸಹಾಯಕರ ಹೆಸರುಗಳನ್ನೂ ಬರೆದುಕೊಳ್ಳಿ. ಮುಖ್ಯಸ್ಥರಿಗೆ ದಿನಕ್ಕೆ ನೂರು ಸಂದೇಶ ಬರುತ್ತವೆ, ಸಹಾಯಕರಿಗೆ ಬರುವುದಿಲ್ಲ, ಮೇಲಾಗಿ ತಮ್ಮ ಕೆಳಗೆ ಕೆಲಸ ಮಾಡುವವರು ಬೇಕಾಗಿರುವುದು ಅವರಿಗೇ. ಅವರಿಗೆ ಕನ್ನಡದಲ್ಲಿ ಐದು ಸಾಲು ಬರೆಯಿರಿ: ನಿಮ್ಮ ಹೆಸರು, ಊರು, ಯಾವ ವಿಭಾಗ, ಕೈಗೆ ಬರುವ ಒಂದು ಕೆಲಸ, ಯಾವ ತಾರೀಕಿನಿಂದ ಎಷ್ಟು ದಿನ ಬಿಡುವಾಗಿದ್ದೀರಿ. ಸಿನಿಮಾ ನನ್ನ ಉಸಿರು ಎಂದು ಬರೆಯಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ಕರೆದ ದಿನ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗಿ. ಒಂದು ಟಾರ್ಚು, ಒಂದು ಮಾರ್ಕರ್ ಪೆನ್ನು, ನೀರಿನ ಬಾಟಲಿ, ಮೊಬೈಲಿನ ಚಾರ್ಜರು ಚೀಲದಲ್ಲಿರಲಿ. ಸದ್ದು ಮಾಡದ ಚಪ್ಪಲಿ ಹಾಕಿಕೊಂಡು ಹೋಗಿ, ಇಲ್ಲದಿದ್ದರೆ ಸೌಂಡ್ ವಿಭಾಗದವರು ಮೊದಲ ದಿನವೇ ನಿಮ್ಮನ್ನು ಗುರುತಿಟ್ಟುಕೊಳ್ಳುತ್ತಾರೆ.